ಹಿಮದ ದಂಡೆಗೆ ಒಯ್ದ ಸಜ್ಜೆ ರೊಟ್ಟಿ

ಜೇವರ್ಗಿಯಲ್ಲಿ ಬೀಜದಂಗಡಿ ಇಟ್ಟಿರುವ ಜಗದೇವಪ್ಪನವರಷ್ಟು ಅಂಜುಬುರುಕ ಮನುಷ್ಯನನ್ನು ನಾನು ಕಂಡಿಲ್ಲ. ಅಂಗಡಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತಾರೆ. ಕಲಬುರಗಿಗೆ ಹೊರಟರೆ ಬಸ್ಸಿನ ಟೈರು ನೋಡಿಯೇ ಹತ್ತುತ್ತಾರೆ. ಪಕ್ಕದಲ್ಲೇ ನನ್ನ ಪುಸ್ತಕದಂಗಡಿ ಇದೆ, ಇಪ್ಪತ್ತು ವರ್ಷ ಇದನ್ನೆಲ್ಲ ನೋಡಿ ನಕ್ಕವನು ನಾನು. ಈಗ ನಗುವುದಿಲ್ಲ. ಅವರೇ ಹೇಳಿದ ಸಂಗತಿ ಕೇಳಿದ ಮೇಲೆ ನಗು ಬರುವುದಿಲ್ಲ.

ಅವರ ಹೆಂಡತಿ ಜಯಮಾಲಾ ಕೊಳಕೂರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಮೂವತ್ತು ವರ್ಷ ಕರಿಹಲಗೆಯ ತಳದಲ್ಲಿ ಅಂಟಾರ್ಕ್ಟಿಕಾ ಬರೆದರು, ಗಂಟೆ ಹೊಡೆದಾಗ ಅಳಿಸಿದರು. ನಿವೃತ್ತಿಯಾದ ದಿನ ಗಂಡನಿಗೆ, "ಬರ್ದು ಬರ್ದು ಸಾಕಾಗ್ಯಾದ್ರಿ. ಒಮ್ಮಿ ಅಲ್ಲಿ ಕಾಲಿಟ್ಟು ಬರ್ತೇನಿ," ಎಂದರು. ಮಕ್ಕಳಿಲ್ಲದ ಮನೆ. ಆಕೆ ಕೇಳಿದ್ದಕ್ಕೆ ಜಗದೇವಪ್ಪನವರು ಇಲ್ಲ ಎಂದವರಲ್ಲ.

ಟಿಕೆಟ್ ಎಲ್ಲ ಆದ ಮೇಲೆ ಕ್ಯಾಲೆಂಡರ್ ನೋಡಿದರೆ, ಹಡಗಿನಿಂದ ಹಿಮದ ಮೇಲೆ ಇಳಿಯುವ ದಿನವೇ ಎಳ್ಳಮಾವಾಸ್ಯೆ. ಆ ದಿನ ನಮ್ಮ ಕಡೆ ಹೊಲಕ್ಕೆ ಹೋಗಿ, ತಂದ ಅಡಿಗೆಯಲ್ಲಿ ಒಂದಿಷ್ಟನ್ನು ಪೈರಿನ ನಾಲ್ಕು ದಿಕ್ಕಿಗೂ ಚೆಲ್ಲುತ್ತೇವೆ. ಅದೇ ಚರಗ. ಹೊಲದಾಳು ಸೈದಪ್ಪ ತಾನು ಚೆಲ್ಲುವೆನೆಂದ. ಆದರೆ ಮನೆಯವರ ಕೈಯಿಂದಲೇ ಆಗಬೇಕೆಂಬುದು ಜಗದೇವಪ್ಪನವರ ನಂಬಿಕೆ. ತಂಗಿ ಗುರುಶಾಂತಮ್ಮ ಎಳ್ಳು ಹಚ್ಚಿ ಮಾಡಿಕೊಟ್ಟ ಕಡಕ್ ಸಜ್ಜೆ ರೊಟ್ಟಿಯಲ್ಲಿ ಒಂದನ್ನು ಯಾರಿಗೂ ಹೇಳದೆ ತೆಗೆದಿಟ್ಟುಕೊಂಡರು. ಹಿಮವಾದರೇನು, ಅದೂ ಭೂಮಿತಾಯಿಯೇ, ಅಲ್ಲೇ ಚೆಲ್ಲಿದರಾಯಿತು ಎಂದು ಅವರ ಲೆಕ್ಕ.

ಹೈದರಾಬಾದಿನಿಂದ ವಿಮಾನ, ಆಮೇಲೆ ಅರ್ಜೆಂಟೀನಾದ ಮುಗಿಯದ ಬಯಲು, ಕೊನೆಗೆ ದಕ್ಷಿಣದ ತುದಿಯ ಬಂದರು. ಬಯಲಿನಲ್ಲಿ ಕುರಿಹಿಂಡು ಕಂಡಾಗ ಮಾತ್ರ ಅವರ ಜೀವಕ್ಕೆ ಸ್ವಲ್ಪ ಸಮಾಧಾನ. ಹಡಗು ಹತ್ತಿದ ಮೇಲೆ ಅದೂ ಹೋಯಿತು. ಎರಡು ದಿನ ಸಮುದ್ರ ಹಡಗನ್ನು ಮೊರದಲ್ಲಿ ಹಾಕಿ ಕೇರಿದ ಹಾಗೆ ಕೇರಿತು. ಜಯಮಾಲಾ ನೀರು ಕುಡಿದರೂ ವಾಂತಿ ಮಾಡಿಕೊಂಡರು. ಗಂಡ ಆಕೆಯ ಮಣಿಕಟ್ಟು ಹಿಡಿದು ಕೂತಿದ್ದರು. ಹಿಡಿತ ಬಿಟ್ಟರೆ ನಾಡಿಯೂ ನಿಲ್ಲುತ್ತದೆಂಬ ಭಯ ಅವರಿಗೆ.

ಅದರ ನಡುವೆ ಹಡಗಿನವರು ಎಲ್ಲರನ್ನೂ ಕೂಡಿಸಿ ನಿಯಮ ಹೇಳಿದರು. ದಡಕ್ಕೆ ಒಂದು ಬೀಜ, ಒಂದು ಚೂರು ತಿನಿಸು, ಒಂದು ಚಿಟಿಕೆ ಮಣ್ಣು ಒಯ್ಯುವಂತಿಲ್ಲ. ಕಿಸೆಗಳನ್ನೆಲ್ಲ ಕಸ ಎಳೆಯುವ ಯಂತ್ರ ಹಚ್ಚಿ ಗುಡಿಸುತ್ತಾರೆ. ಸಿಕ್ಕಿಬಿದ್ದವರು ಇಳಿಯುವಂತಿಲ್ಲ, ಜೊತೆಯವರೂ ಇಳಿಯುವಂತಿಲ್ಲ. ಜಗದೇವಪ್ಪನವರು ಇಕ್ಕಟ್ಟಿಗೆ ಸಿಕ್ಕರು. ರೊಟ್ಟಿ ಒಯ್ದು ಸಿಕ್ಕರೆ ಹೆಂಡತಿಯ ಜನ್ಮದ ಆಸೆ ಮಣ್ಣುಪಾಲು. ಒಯ್ಯದಿದ್ದರೆ ಹೆಂಡತಿಯೇ ಕೈತಪ್ಪುವಳು ಎಂದು ಅವರ ಮನಸ್ಸು ಹೇಳುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಸಮುದ್ರ ತಣ್ಣಗಾಗಿತ್ತು. ಜಯಮಾಲಾ ಎದ್ದು ಬೂಟು ತೊಳೆದು ಸಾಲಿನಲ್ಲಿ ನಿಂತರು. ಮುಂದೆ ನಾಲ್ಕೇ ಜನ. ಹಿಂದೆ ನಿಂತ ಗಂಡ ಅಂಥ ಚಳಿಯಲ್ಲೂ ಬೆವರುತ್ತಿದ್ದರು, ಒಂದು ಕೈ ಕೋಟಿನ ಒಳಗಿನಿಂದ ಹೊರಗೆ ಬರುತ್ತಿರಲಿಲ್ಲ.

"ಏನ್ರಿ, ಕಿಸೆದಾಗ ಏನದ?"

"ಚರಗ."

"ಹುಚ್ಚೇನ್ರಿ ನಿಮಗ? ನೋಡಿದ್ರ ಇಬ್ರನೂ ಇಳಸಂಗಿಲ್ಲ."

ಅವರು ಆಕೆಯನ್ನು ಸಾಲಿನಿಂದ ಈಚೆಗೆ ಕರೆದರು. "ಆ ವರ್ಷ ಬೀಜ ತರಲಾಕ ಹೈದರಾಬಾದಿಗಿ ಹೋಗಿ ಅಮಾಸಿ ತಪ್ಪಿಸ್ದೆ. ಮುಂದಿನ ತಿಂಗಳೇ ಕೂಸು ಹೋಯ್ತು. ನನ್ನಿಂದೇ ಹೋಯ್ತು. ಈಗ ನನಗ ಉಳದಾಕಿ ನೀ ಒಬ್ಬಾಕಿ."

ಮೂವತ್ತನಾಲ್ಕು ವರ್ಷದ ಹಿಂದೆ ಹುಟ್ಟಿ, ಮೂರು ದಿನ ಬದುಕಿದ ಹೆಣ್ಣುಕೂಸು. ಅಂದಿನಿಂದ ಇಬ್ಬರೂ ಅದರ ಸುದ್ದಿ ಎತ್ತಿರಲಿಲ್ಲ.

ಜಯಮಾಲಾ ಗೋಡೆಯ ಸರಳು ಹಿಡಿದುಕೊಂಡರು. "ಆ ವರ್ಷ ಚರಗ ತಪ್ಪಿಲ್ರಿ. ನಾ ಚೆಲ್ಲೀನಿ. ಬಸುರಿ ಹೊಲಕ್ಕ ಹೋಗಬ್ಯಾಡ ಅಂದಿದ್ರು ಅತ್ತಿ. ಅವರ ಕಣ್ಣ ತಪ್ಪಿಸಿ ಸೈದಪ್ಪನ ಬಂಡಿ ಹತ್ತಿ ಹೋದೆ. ಬಂಡಿ ಕುಲುಕಿದ್ದಕ್ಕೇ ಕೂಸು ಹೋಯ್ತಂತ ನಾ ತಿಳ್ಕೊಂಡೇನಿ. ನಿಮ್ಮ ಮುಂದ ಹ್ಯಾಂಗ ಹೇಳ್ಲಿ?"

ಕೂಸಿನ ಎದೆಯಲ್ಲೇ ದೋಷವಿತ್ತೆಂದು ಡಾಕ್ಟರು ಅಂದೇ ಹೇಳಿದ್ದರು. ಇಬ್ಬರೂ ಕೇಳಿದ್ದರು, ಒಬ್ಬರೂ ನಂಬಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಸಾವಿಗೆ, ಚರಗ ಚೆಲ್ಲಲಿಲ್ಲವೆಂದು ಒಬ್ಬರು, ಚೆಲ್ಲಿದ್ದಕ್ಕೇ ಎಂದು ಇನ್ನೊಬ್ಬರು ಒಳಗೊಳಗೇ ಬೆಂದಿದ್ದರು. ಕೇಳುತ್ತ ನನಗೆ ಸಿಟ್ಟೇ ಬಂತು. ಇಷ್ಟು ಮಾತಾಡಲು ಇವರು ಭೂಮಿಯ ತುದಿಗೆ ಹೋಗಬೇಕಾಯಿತೇ?

ಜಯಮಾಲಾ ಗಂಡನ ಕಿಸೆಯಿಂದ ರೊಟ್ಟಿ ತೆಗೆದು ಮುರಿದು ಅರ್ಧ ಅವರ ಕೈಗಿಟ್ಟರು. ಇಬ್ಬರೂ ಅಲ್ಲೇ ನಿಂತು ತಿಂದರು. ಆಮೇಲೆ ಸಾಲಿನ ಕೊನೆಗೆ ಹೋಗಿ ನಿಂತು, ತಪಾಸಣೆಯ ಹುಡುಗಿಗೆ ತಾವಾಗಿಯೇ ಕಿಸೆ ತಿರುವಿ ತೋರಿಸಿದರು. ಆಕೆ ಒಂದೊಂದು ಎಳ್ಳನ್ನೂ ಹುಡುಕಿ ಯಂತ್ರಕ್ಕೆ ಎಳೆಸಿ, ಬೆರಳಾಡಿಸಿ ನೋಡಿ, ಹೋಗಿ ಎಂದು ಕೈ ಮಾಡಿದಳು.

ದಡದಲ್ಲಿ ಪೆಂಗ್ವಿನ್‌ಗಳು ಗದ್ದಲ ಹಾಕುತ್ತಿದ್ದವು. ಜಯಮಾಲಾ ಮೊದಲ ಹೆಜ್ಜೆ ಇಟ್ಟು ನಿಂತರು. ಹಿಮ ನೋಡಲಿಲ್ಲ, ಗಂಡನ ಕಡೆ ತಿರುಗಿದರು.

"ಕೂಸಿಗಿ ಏನ್ ಹೆಸರಿಡಬೇಕಂತ ಮಾಡಿದ್ರಿ?"

"ಭಾಗ್ಯಜ್ಯೋತಿ," ಎಂದರು ಜಗದೇವಪ್ಪ.

"ನಾ ಪ್ರಾಚಿ ಅನ್ಕೊಂಡಿದ್ದೆ."

ಹಡಗಿಗೆ ವಾಪಸು ಕರೆಯುವ ತನಕ ಇಬ್ಬರೂ ಆ ಹಿಮದಲ್ಲಿ ನಿಂತು ಮಗಳ ಹೆಸರಿಗಾಗಿ ಜಗಳಾಡಿದರಂತೆ.