ಎಣ್ಣೆಗಾಯಿ ಲಾಬಿ

ಸಹಿ ಹಾಕುವ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದವರು. ಅವ್ವನ ಹೆಬ್ಬೆಟ್ಟನ್ನೂ ಯಾರೂ ಕೇಳಲಿಲ್ಲ. ನಾನು ಹಗಲು ಪೀಣ್ಯದ ಲೇತ್ ಶಾಪಿನಲ್ಲಿ ದುಡಿದು, ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ತೂಕಡಿಸಿ, ನಡುವೆ ಡುಮ್ಕಿಯನ್ನೂ ಹೊಡೆದು ಡಿಗ್ರಿ ಮುಗಿಸಿದೆ. ನಮ್ಮ ವಂಶಕ್ಕೆ ಅದೇ ಮೊದಲ ಡಿಗ್ರಿ. ಆ ಸರ್ಟಿಫಿಕೇಟು ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆಂಟ್‌ನ ನಮ್ಮ ಮನೆಯ ಹಾಲ್‌ನಲ್ಲಿ, ಟಿ.ವಿ.ಗಿಂತ ಮೇಲೆ, ಗಾಜಿನ ಕಟ್ಟಿನಲ್ಲಿದೆ. ಇಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ತಪಾಸಣೆ ನನ್ನ ಕೆಲಸ. ನನ್ನ ಸಹಿಯಿಲ್ಲದೆ ಒಂದು ಬೋಲ್ಟೂ ಆಚೆ ಹೋಗುವುದಿಲ್ಲ ಎಂದು ನೆಂಟರಿಗೆಲ್ಲ ಹೇಳಿಟ್ಟಿದ್ದೇನೆ.

ನನ್ನ ಹೆಂಡತಿಗಿದ್ದದ್ದು ಒಂದೇ ಆಸೆ. ಮನೆಯ ಒಲೆಯ ಮೇಲೆ ಬಿಸಿ ಅಡುಗೆ ಮಾಡಿ ಮಾರಬೇಕು. ಅವಳ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿಗಾಗಿ ದೂರದ ಎವರೆಟ್‌ನಿಂದ ಟ್ರಾಫಿಕ್ಕಿನಲ್ಲಿ ಬೆಂದು ಬರುವ ಸ್ನೇಹಿತರಿದ್ದಾರೆ. ಆದರೆ ಇಲ್ಲಿನ ಕಾನೂನು ಮನೆಯಲ್ಲಿ ಮಾಡಿದ ಕೇಕು, ಬಿಸ್ಕತ್ತನ್ನು ಮಾರಲು ಬಿಡುತ್ತದೆ, ಎಣ್ಣೆಗಾಯಿಯನ್ನು ಬಿಡುವುದಿಲ್ಲ. ಬಿಡಬೇಕಾದರೆ ರಾಜ್ಯದ ರಾಜಧಾನಿ ಒಲಿಂಪಿಯಾದ ಶಾಸನಸಭೆಯಲ್ಲಿ ಯಾರಾದರೂ ಮಸೂದೆ ಮಂಡಿಸಬೇಕು. ನಮ್ಮ ಕ್ಷೇತ್ರದ ಶಾಸಕಿಗೆ ಬರೆದೆವು. ಬಂದು ಮಾತಾಡಿ, ಆಮೇಲೆ ನೋಡೋಣ ಎಂದು ಸಮಯ ಕೊಟ್ಟರು.

"ಮಾತು ಯಾಕ್ರೀ? ಒಂದ್ ತುತ್ತು ಬಾಯಿಗೆ ಬಿದ್ರೆ ಸಾಕು," ಎಂದಳು ಹೆಂಡತಿ.

ನಾನು ಓದಿದವನು. ಹಾಗೆಲ್ಲ ಹೋಗಲಾದೀತೇ? ವೆಬ್‌ಸೈಟುಗಳನ್ನು ಜಾಲಾಡಿದೆ. ಶಾಸಕರ ಬಳಿ ಲಾಬಿ ಮಾಡುವವರು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು ಎಂದಿತ್ತು. ಫೋಟೋ ಹಾಕುವ ಜಾಗವಿತ್ತು. ಸಹಿ ಹಾಕುವ ಜಾಗವೂ ಇತ್ತು.

ಮಗಳು ಹಿಂದಿನಿಂದ ಇಣುಕಿದಳು. "ಅಪ್ಪಾ, ದಟ್ಸ್ ಓನ್ಲಿ ಫಾರ್ ಪೇಯ್ಡ್ ಪೀಪಲ್." ಸಂಬಳ ಪಡೆದು ಇನ್ನೊಬ್ಬರ ಪರ ಮಾತಾಡುವವರಿಗೆ ಮಾತ್ರ ಈ ನೋಂದಣಿ, ತಮ್ಮ ಕಷ್ಟ ತಾವೇ ಹೇಳಿಕೊಳ್ಳುವವರು ಸುಮ್ಮನೆ ಹೋಗಬಹುದು ಎಂದು ಅವಳ ವಾದ.

"ಸುಮ್ನೆ ಹೋಗೋಕೆ ನಾನೇನು ಹೆಬ್ಬೆಟ್ಟಾ?" ಎಂದು ಗದರಿದೆ.

ನಿಮ್ಮನ್ನು ನೇಮಿಸಿಕೊಂಡವರು ಯಾರು ಎಂದು ಕೇಳಿತ್ತು. ಹೆಂಡತಿಯ ಹೆಸರು ಬರೆದೆ. ಪ್ರತಿಫಲವೇನು ಎಂದು ಕೇಳಿತ್ತು. ಸುಳ್ಳು ಬರೆಯಬಾರದಲ್ಲ, ಮೂರು ಹೊತ್ತಿನ ಊಟ ಎಂದು ಬರೆದೆ. ನೋಂದಣಿ ಆಗಿಯೇಬಿಟ್ಟಿತು. ಎಣ್ಣೆ ಕಂಪನಿ, ಆಸ್ಪತ್ರೆಗಳ ಪರವಾಗಿ ಓಡಾಡುವ ಸೂಟುಬೂಟಿನವರ ಸಾಲಿನಲ್ಲಿ ನನ್ನದೂ ಒಂದು ಫೋಟೋ! ಅದನ್ನು ಪ್ರಿಂಟ್ ತೆಗೆದು ಡಿಗ್ರಿಯ ಕೆಳಗೆ ಅಂಟಿಸಿದೆ.

"ಲಾಬಿ ಅಂದ್ರೆ ಊರಲ್ಲಿ ಗಣಿ ಲಾಬಿ, ಹೆಂಡದ ಲಾಬಿ ಅಂತಾರೆ. ನಿಮ್ಮಪ್ಪನಿಗೆ ಹೇಳ್ಬೇಡಿ," ಎಂದಳು ಹೆಂಡತಿ. ಪ್ರಿಂಟಿನಲ್ಲಿ ತನ್ನ ಹೆಸರು ಕಂಡ ಮೇಲೆ ದನಿ ಬದಲಾಯಿತು. "ಅಲ್ಲಾ, ಇಷ್ಟು ವರ್ಷ ನಾನು ನಿಮ್ಮನ್ನ ಯಜಮಾನ್ರು ಯಜಮಾನ್ರು ಅಂದಿದ್ದೇ ಬಂತು. ಸರ್ಕಾರಕ್ಕೆ ನಿಜ ಗೊತ್ತಿದೆ ನೋಡಿ."

ಶಾಸಕಿ ಸಮಯ ಕೊಟ್ಟ ದಿನ ನಸುಕಿನಲ್ಲೇ ಎದ್ದು ಎಣ್ಣೆಗಾಯಿ ಮಾಡಿ, ರೊಟ್ಟಿ ತಟ್ಟಿದಳು. ದಾರಿಯುದ್ದಕ್ಕೂ ಡಬ್ಬಿಯನ್ನು ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಶಾಸಕಿಯ ಕಚೇರಿಯಲ್ಲಿ ಕನ್ನಡಕದ ಸಹಾಯಕಿ ನಗುತ್ತ ಬಂದು ಡಬ್ಬಿಗೆ ಕೈ ಚಾಚಿದರು. ಎಂಥ ಘಮ ಎಂದರು. ನಾನು ಸುಮ್ಮನಿರಬೇಕಿತ್ತು.

"ಐ ಆಮ್ ಎ ರಿಜಿಸ್ಟರ್ಡ್ ಲಾಬಿಯಿಸ್ಟ್," ಎಂದೆ, ಎದೆಯುಬ್ಬಿಸಿ. "ಇವಳು ನನ್ನ ಎಂಪ್ಲಾಯರ್."

ಚಾಚಿದ ಕೈ ಹಿಂದಕ್ಕೆ ಹೋಯಿತು. ಲಾಬಿಗಾರರಿಂದಾಗಲಿ ಅವರನ್ನು ನೇಮಿಸಿಕೊಂಡವರಿಂದಾಗಲಿ ಈ ಕಚೇರಿ ತಿನ್ನುವ ಪದಾರ್ಥ ಮುಟ್ಟುವುದಿಲ್ಲವಂತೆ. ಅದು ಶಾಸಕಿಯೇ ಮಾಡಿಕೊಂಡ ನಿಯಮ. ಕ್ಷೇತ್ರದ ಸಾಮಾನ್ಯ ಜನ ತಂದರೆ ಅಡ್ಡಿಯಿಲ್ಲ, ನಿನ್ನೆ ಯಾರೋ ಅಜ್ಜಿ ಸೇಬಿನ ಕಡುಬು ತಂದಿದ್ದರು ಎಂದು ನೊಂದುಕೊಂಡೇ ಹೇಳಿದರು.

ಶಾಸಕಿ ಕರೆದು ಕೂರಿಸಿದರು. ನಾನು ಮಾತಾಡಿದೆ. ಅವರು ಗಡಿಯಾರವನ್ನೊಮ್ಮೆ, ಮುಚ್ಚಿದ ಡಬ್ಬಿಯನ್ನೊಮ್ಮೆ ನೋಡಿ, ಈ ಸಲ ಮಸೂದೆಗಳು ಬಹಳ ಇವೆ, ಯೋಚಿಸುತ್ತೇನೆ ಎಂದರು.

ವಾಪಸು ಬರುವಾಗ ಹೆದ್ದಾರಿಯ ಪಕ್ಕ ನಿಲ್ಲಿಸಿ, ಕಾರಿನಲ್ಲೇ ತಣ್ಣಗಾದ ರೊಟ್ಟಿ ತಿಂದೆವು. ಮಳೆ ಗಾಜಿನ ಮೇಲೆ ಸುರಿಯುತ್ತಿತ್ತು. ಗಟ್ಟಿ ಹೆಂಗಸು, ಕಣ್ಣು ಮಾತ್ರ ತುಂಬಿತ್ತು. ಆಮೇಲೆ ಕೇಳಿದಳು.

"ನಿಮ್ಮನ್ನ ಕೆಲಸಕ್ಕಿಟ್ಕೊಂಡಿರೋಳು ನಾನೇ ತಾನೇ?"

"ದಾಖಲೆ ಪ್ರಕಾರ ಹೌದು."

"ಹಾಗಾದ್ರೆ ತೆಗೆದಿದೀನಿ."

"ಲೇ, ತಮಾಷೆನಾ?"

"ಮನೆಗೆ ಹೋದ ತಕ್ಷಣ ಹೆಸರು ತೆಗೆಸಿ. ಇಲ್ದಿದ್ರೆ ಸಂಬಳಾನೂ ಕಟ್."

ಸಂಬಳ ಯಾವುದೆಂದು ನೆನಪಿತ್ತು. ಹೆಸರು ತೆಗೆಸಿದೆ. ಗೋಡೆಯ ಮೇಲಿನ ಪ್ರಿಂಟನ್ನು ಮಗಳೇ ಕಿತ್ತಳು, ಸ್ವಲ್ಪ ಬಣ್ಣವೂ ಬಂತು. ನೇಮಿಸಿಕೊಂಡವರೇ ತೆಗೆದುಹಾಕಿದ್ದಾರೆಂದು ಹೆಂಡತಿ ಆ ಕಚೇರಿಗೆ ಫೋನ್ ಮಾಡಿ ತಿಳಿಸಿದಾಗ ಸಹಾಯಕಿ ನಗು ತಡೆಯಲಾರದೆ ಇನ್ನೊಂದು ದಿನ ಕೊಟ್ಟರಂತೆ.

ಈ ಸಲ ಅವಳೊಬ್ಬಳೇ ಒಳಗೆ ಹೋದಳು. ನಾನು ಕಾರಿನಲ್ಲಿ ಕೂತು, ಡಿಗ್ರಿ ಪಡೆದವನಿಗೆ ಬಂದ ಗತಿಯನ್ನು ನೆನೆಯುತ್ತಿದ್ದೆ. ಡಬ್ಬಿ ಅಲ್ಲಾಡಿಸುತ್ತ ಬಂದಳು. ಖಾಲಿ.

"ಮಂಡಿಸ್ತಾರಂತೆ ರೀ! ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ, ಮೊದ್ಲೇ ಮನಸ್ಸು ಮಾಡಿದ್ದೆ ಅಂದ್ರು."

"ನಂಬಿದ್ಯಾ?"

"ಬಾಯ್ತುಂಬಾ ಎಣ್ಣೆಗಾಯಿ ಇಟ್ಕೊಂಡು ಅಂದ್ರು. ಅರ್ಧ ನಂಬ್ದೆ."

ಮಂಡನೆಯ ದಿನ ಹೆಂಡತಿ ದೀಪ ಹಚ್ಚಿ, ರೇಷ್ಮೆ ಸೀರೆಯುಟ್ಟು ಸಭೆಯ ನೇರಪ್ರಸಾರ ನೋಡಲು ಲ್ಯಾಪ್‌ಟಾಪಿನ ಮುಂದೆ ಕೂತಳು. ಶಾಸಕಿ ಎದ್ದು ನಿಂತು ಎಣ್ಣೆಗಾಯಿಯ ಬಗ್ಗೆ ನಾಲ್ಕು ಮಾತಾಡುತ್ತಾರೆಂದು ನಾನೂ ನಂಬಿದ್ದೆ. ಯಾರೂ ಏಳಲಿಲ್ಲ. ಇಂದಿನ ಪಟ್ಟಿಯಲ್ಲಿರುವ ಮಸೂದೆಗಳೆಲ್ಲ ಆಯಾ ಸಮಿತಿಗೆ ಎಂದು ಪೀಠದಿಂದ ಒಂದು ದನಿ ಗಡಿಬಿಡಿಯಲ್ಲಿ ಹೇಳಿ, ಸುತ್ತಿಗೆ ಕುಟ್ಟಿತು.

"ನಮ್ದು ಯಾವಾಗ್ರೀ?"

"ಆಗ್ಹೋಯ್ತು."

"ಹೆಸರೂ ಹೇಳ್ಲಿಲ್ಲ!" ಎಂದಳು. ಲ್ಯಾಪ್‌ಟಾಪನ್ನು ಮುಚ್ಚಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಆ ಸಮಿತಿಲಿ ಎಷ್ಟು ಜನ ಇರ್ತಾರೆ?"

"ಸುಮಾರು ಜನ. ಯಾಕೆ?"

ಅವಳು ಆಗಲೇ ಹುಚ್ಚೆಳ್ಳು ಹುರಿಯಲು ಬಾಣಲೆ ಇಟ್ಟಿದ್ದಳು. "ನೀವು ಡ್ರೈವ್ ಮಾಡಿ ಸಾಕು. ದಾರಿಲಿ ಎಲ್ಲೂ ಸಹಿ ಹಾಕ್ಬೇಡಿ."