ಅಕ್ಕ ಬರೆಯುವ ಹೊತ್ತು

ಅಕ್ಕನ ಬಲಗೈ ತೋರುಬೆರಳಿನಲ್ಲಿ ನೂಲು ಎಳೆದೆಳೆದು ಬಿದ್ದ ಒಂದು ಗೀರಿತ್ತು. ಅದರೊಳಗೆ ನೀಲಿ ಶಾಯಿ ಇಳಿದು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನೆಗೆಣ್ಣಿ. ಬೆಟಗೇರಿಯಲ್ಲಿ ನಮ್ಮದು ಸೀರೆ ನೇಯುವ ಕ್ರೈಸ್ತ ಮನೆತನ. ಮಗ್ಗ ಎರಡು, ಒಲೆ ಒಂದೇ.

ಎಪ್ಪತ್ತರ ದಶಕದ ನಡುವಿನಲ್ಲಿ ಭಾವ ಕಾಮಾಲೆಯಾಗಿ ತೀರಿಕೊಂಡರು. ಮಕ್ಕಳಿಲ್ಲದ ಅಕ್ಕ ಮಾತನ್ನೇ ಬಿಟ್ಟಳು. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಗೋಡೆಗೆ ಮುಖ ಮಾಡಿ ಕೂರುವಳು. ನಾನೇ ತುತ್ತು ಮಾಡಿ ತಿನ್ನಿಸುತ್ತಿದ್ದೆ. ಆ ದಿನಗಳಲ್ಲಿ ನನಗೆ ಅವಳ ಮೇಲೆ ಬಹಳ ಪ್ರೀತಿ.

ಒಂದು ಭಾನುವಾರ ನಮ್ಮ ಪಾಸ್ಟರು ಬಂದು ಅವಳ ಮುಂದೆ ಗೆರೆ ಹಾಕಿದ ಪುಸ್ತಕವೊಂದನ್ನು ಇಟ್ಟರು. "ದಿನಾ ಬೈಬಲಿನ ಒಂದು ವಚನ ಓದ್ರಿ. ಆಮ್ಯಾಲೆ ದೇವರಿಗೆ ಏನ್ ಹೇಳೂದೈತಿ ಅದನ್ನ ಇದರಾಗ ಬರೀರಿ. ಬೈಯೂದಿದ್ರೂ ಬರೀರಿ," ಅಂದರು.

ಮರುದಿನದಿಂದ ಮಗ್ಗ ಸದ್ದು ಮಾಡುವ ಮೊದಲೇ ಅಕ್ಕ ಬಾಗಿಲ ಬೆಳಕಿಗೆ ಕುಳಿತು ಬರೆಯತೊಡಗಿದಳು. ಮೊದಮೊದಲು ಬರೆಯುತ್ತಲೇ ಅಳುತ್ತಿದ್ದಳು. ಆಮೇಲಾಮೇಲೆ ಬರೆದು ಮುಗಿಸಿ, ಎದ್ದು ರೊಟ್ಟಿ ಬಡಿಯುತ್ತಿದ್ದಳು. ಮುಂದಿನ ಮಳೆಗಾಲಕ್ಕೆ ಗಂಡನ ಮಗ್ಗದಲ್ಲಿ ತಾನೇ ಕುಳಿತಳು. ಅಲ್ಲಿಂದ ಕೀರ್ತನೆ ಕೇಳಿಬರುತ್ತಿತ್ತು. ತಲೆ ಇಟ್ಟರೆ ಸಾಕು, ಕೂಸಿನ ಹಾಗೆ ನಿದ್ದೆ.

ನನ್ನ ಹೊಟ್ಟೆ ಉರಿಯತೊಡಗಿದ್ದು ಆಗ. ಗಂಡನಿದ್ದವಳು ನಾನು, ಮಕ್ಕಳಿದ್ದವಳು ನಾನು. ತಲೆಶೂಲೆಗೆ ಪಟ್ಟಿ ಕಟ್ಟಿಕೊಂಡು ಹೊರಳಾಡುವವಳೂ ನಾನೇ! ಮಕ್ಕಳು ಬಿದ್ದು ಮೊಣಕಾಲು ಕೆತ್ತಿಕೊಂಡರೆ "ದೊಡ್ಡವ್ವಾ" ಎನ್ನುತ್ತ ಅವಳತ್ತ ಓಡುತ್ತಿದ್ದವು. ಲಕ್ಷ್ಮೇಶ್ವರದಿಂದ ನನ್ನನ್ನು ನೋಡಲು ಬಂದ ಹಡೆದವ್ವ ಕೂಡ ಅವಳ ಮಗ್ಗದ ಪಕ್ಕದಲ್ಲೇ ಕುಳಿತು ಹರಟಿದಳು. ಇವರಂತೂ ಊಟಕ್ಕೆ ಕುಳಿತಾಗ, "ಅತ್ತಿಗೆವ್ವನ್ನ ನೋಡಿ ಸ್ವಲ್ಪ ಕಲಿ," ಅಂದುಬಿಟ್ಟರು. ಸಾರಿನ ಪಾತ್ರೆ ಕುಕ್ಕಿ ಎದ್ದುಹೋದೆ.

"ಅಂಥಾದ್ದು ಏನ್ ಬರೀತೀಯಕ್ಕಾ ನೀ?" ಎಂದು ಕೇಳಿಯೇಬಿಟ್ಟೆ.

"ಬಾ, ನೋಡು," ಎಂದು ಪುಸ್ತಕವನ್ನು ಕೈಗಿತ್ತಳು. ಏನಿತ್ತು ಅದರಲ್ಲಿ? ರೊಟ್ಟಿ ಹೊತ್ತಿದ್ದು, ಪಕ್ಕದ ಮನೆಯವಳ ಮೇಲೆ ಸಿಟ್ಟು ಬಂದಿದ್ದು, ಸಂಜೆಗೆ ಅದು ಇಳಿದದ್ದು, ಮೋಡ ಕಂಡದ್ದಕ್ಕೆ ದೇವರಿಗೆ ಸ್ತೋತ್ರ. ಇಷ್ಟಕ್ಕೇ ಈ ಸಮಾಧಾನವೇ ಎಂದು ಇನ್ನಷ್ಟು ಉರಿದುಕೊಂಡೆ.

ನಾನೂ ಒಂದು ಪುಸ್ತಕ ತಂದೆ. "ಓ ಕರ್ತನೇ, ಸರ್ವಶಕ್ತನೇ" ಎಂದು ದುಂಡಗೆ, ಥೇಟು ಪಾಸ್ಟರ ಪ್ರಸಂಗದ ಹಾಗೆ ಬರೆದು, ಬಂದವರ ಕಣ್ಣಿಗೆ ಬೀಳಲೆಂದು ಕಿಟಕಿಯಲ್ಲಿಟ್ಟೆ. ತಲೆಶೂಲೆ ಹೋಗಲಿಲ್ಲ.

ಅಕ್ಕ ಅದನ್ನು ನೋಡಿ ನಗಲಿಲ್ಲ. "ದೇವರ ಮುಂದ ಶಿಂಗಾರ ಮಾಡಾಕ ಹೋಗಬ್ಯಾಡ ತಂಗಿ. ಹೊಟ್ಟ್ಯಾಗ ಇದ್ದದ್ದು ಬರಿ," ಅಂದಳು.

ಹೊಟ್ಟೆಯಲ್ಲಿದ್ದದ್ದೇ ಬೇಕೇನು? ಸಿಟ್ಟಿನಲ್ಲಿ ಅವಳೆದುರೇ ಬರೆದೆ: "ದೇವರೇ, ಅಕ್ಕನ್ನ ಕಂಡರ ನನಗ ಹೊಟ್ಟಿಕಿಚ್ಚು." ಓದಿಕೋ ಎಂದು ಅವಳ ಮುಂದೆ ಒಗೆದೆ.

ಓದಿ ನನ್ನ ಕೈ ಹಿಡಿದುಕೊಂಡಳು. "ಇದು ನೋಡು ಖರೆ ಪ್ರಾರ್ಥನಾ! ಮೊದಲನೇ ವರ್ಷ ನಾ ಏನ್ ಬರೀತಿದ್ದೆ ಗೊತ್ತೈತಿ? ಮೈದುನ ಮಗ್ಗ ನಿಲ್ಲಿಸಿ ನಿನ್ನ ಹೆಸರು ಹಿಡಿದು ಕರದ್ರ ನನ್ನ ಎದಿ ಉರೀತೈತಿ, ದೇವರೇ, ಅಂತ. ದಿನಾ ಅದನ್ನ. ಬರದು ಬರದು ಸವದು ಹೋತು."

ನನ್ನ ಗಂಡ ಹಾಗೆ ಕರೆಯುವುದನ್ನು ನಾನು ಎಂದೂ ಕಿವಿಗೊಟ್ಟು ಕೇಳಿರಲಿಲ್ಲ. ಸರಿ, ಅವಳದು ಸವೆಯಿತು, ನನ್ನದು ಸವೆಯುವುದು ಯಾವಾಗ ಎಂದು ಆಗಲೂ ಒಳಗೆ ಚುರುಕ್ಕೆಂದಿತು.

ಅಂದಿನಿಂದ ಬಾಗಿಲಲ್ಲಿ ಇಬ್ಬರೂ ಕೂರುತ್ತಿದ್ದೆವು. ಬರಬರುತ್ತ ತಲೆಗೆ ಪಟ್ಟಿ ಕಟ್ಟುವುದು ತಪ್ಪಿತು. ಕಿಚ್ಚು ಮಾತ್ರ ಪೂರ್ತಿ ಆರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಅಕ್ಕನಿಗೆ ಎದೆಬೇನೆ ಬಂತು. ಕೈ ನಡುಗಿ ಬರೆಯಲಾಗದಾದಾಗ ಅವಳು ಹೇಳಿದ್ದನ್ನು ನಾನು ಬರೆದೆ. ಕಡೆಯದಾಗಿ ಬರೆಸಿದ್ದು: "ಇವತ್ತ ತಂಗಿ ಗಂಜಿ ಮಾಡಿ ಕುಡಿಸಿದಳು. ಉಪ್ಪು ಹೆಚ್ಚಾಗಿತ್ತು. ಸ್ತೋತ್ರ." ಬರೆಯುತ್ತ ನನಗೆ ನಗು ಬಂತು, ಅವಳಿಗೂ.

ಅವಳನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಒಬ್ಬಳೇ ಕುಳಿತು ಬರೆದೆ: "ದೇವರೇ, ಅಕ್ಕ ಈಗ ನಿನ್ನ ಹತ್ತಿರ ಅದಾಳ. ನನಗ ನಿನ್ನ ಮ್ಯಾಲ ಹೊಟ್ಟಿಕಿಚ್ಚು."