ಆಟೋದಲ್ಲೇ ಸೋತ ಪಂದ್ಯ

ಸ್ನೇಹಿತರೇ, ಮಗಳನ್ನು ಇವತ್ತಿನ ಟೇಬಲ್ ಟೆನಿಸ್ ಪಂದ್ಯದಲ್ಲಿ ಪೆರಂಬೂರಿನಿಂದ ಅಡ್ಯಾರಿಗೆ ಹೋಗುವ ಆಟೋದಲ್ಲೇ ನಾನು ಸೋಲಿಸಿಬಿಟ್ಟೆ.

"ಅಮ್ಮಾ, ಬಯಮಾ ಇರುಕ್ಕು," ಎಂದು ಅವಳು ತಮಿಳಿನಲ್ಲಿ ಶುರು ಮಾಡಿದಳು. ಆಮೇಲೆ ನನಗೋಸ್ಕರ ಕನ್ನಡಕ್ಕೆ ಬಂದಳು. "ಭಯ ಆಗ್ತಿದೆ. ಮೊದಲನೇ ಸರ್ವೀಸೇ ನೆಟ್‌ಗೆ ಹೋಗತ್ತೆ. ಎಲ್ಲರೂ ನಗ್ತಾರೆ. ಆಮೇಲೆ ನಾನು ಸೋತು..."

"ಏಯ್, ಬಿಡ್ತು ಅನ್ನು! ಆಡಕ್ಕೆ ಹೋಗೋವಾಗ ಎಂಥಾ ಮಾತೇ ಅದು? ಅಸ್ತು ದೇವತೆಗಳು ಕೇಳಿಸ್ಕೊಂಡು ಅಸ್ತು ಅಂದ್ಬಿಟ್ರೆ?"

"ಬಿಡ್ತು," ಎಂದಳು. ಅಡ್ಯಾರ್ ಬರುವವರೆಗೂ ಬ್ಯಾಟಿನ ರಬ್ಬರನ್ನು ಉಗುರಿನಿಂದ ಕೆರೆಯುತ್ತಾ ಸುಮ್ಮನೆ ಕೂತಿದ್ದಳು. ಧೈರ್ಯ ಬಂತು ಎಂದುಕೊಂಡು ನಾನು ಹಿಗ್ಗಿದೆ.

ಮೊದಲ ಸುತ್ತಿನಲ್ಲೇ ಸೋತಳು.

ಕೋಚ್ ಬೈಯಲಿಲ್ಲ. "ಭಯವನ್ನೆಲ್ಲ ಬಾಯಿಬಿಟ್ಟು ಹೇಳಿದೆಯಾ?" ಎಂದು ತಮಿಳಿನಲ್ಲಿ ಕೇಳಿದರು, ಅಷ್ಟೇ. ಪಂದ್ಯಕ್ಕೆ ಮುಂಚೆ ಮನಸ್ಸಿನಲ್ಲಿರುವ ಒಂದೊಂದು ಹೆದರಿಕೆಯನ್ನೂ ಯಾರಿಗಾದರೂ ಹೇಳಬೇಕಂತೆ, ಹಾಗೇನಾದರೂ ಆದರೆ ಏನು ಮಾಡುತ್ತೇನೆ ಎಂಬುದನ್ನೂ ಹೇಳಬೇಕಂತೆ. ಅವರೇ ಕಲಿಸಿದ್ದು. ಆಟೋದಲ್ಲಿ ಅವಳು ಹೇಳಲಿದ್ದ ಆ ಎರಡನೇ ಭಾಗ ನನ್ನ "ಬಿಡ್ತು"ವಿನ ಕೆಳಗೆ ಸಿಕ್ಕಿಕೊಂಡಿತ್ತು.

ಮಗಳು ನನ್ನತ್ತ ಒಮ್ಮೆ ನೋಡಿ, "ಮರೆತುಬಿಟ್ಟೆ ಸರ್," ಎಂದಳು. ನನ್ನ ಹೆಸರನ್ನೇ ಎತ್ತಲಿಲ್ಲ.

ವಾಪಸ್ ಬರುವಾಗ, "ಈಗ ಹೇಳೇ ಕಂದ, ಎಲ್ಲಾ ಕೇಳ್ತೀನಿ," ಎಂದೆ.

"ಏನೂ ಇಲ್ಲಮ್ಮ."

ಇನ್ನು ಮುಂದೆ ಇವಳು ತನ್ನ ಭಯವನ್ನು ನನಗೆ ಯಾವತ್ತೂ ಹೇಳುವುದಿಲ್ಲವೇನೋ ಅನ್ನಿಸಿತು. ಅನ್ನಿಸಿದ್ದೇ ತಡ, "ಬಿಡ್ತು, ಬಿಡ್ತು," ಎಂದೆ. ಈ ಸಲ ಜೊತೆಗೆ ಅವಳು ಅನ್ನಲಿಲ್ಲ.